ದೊಡ್ಡ ಮೇಡಂ ಅವರ ಪೆನ್ಸಿಲ್ ಗೀಟು

ಮೇ 30

ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ಆಗಾಗ ಬೇಕೆಂದೇ ಕೆಳಗೆ ಬೀಳಿಸಿದ ಅಕ್ಕನವರ ಸನ್ನಿಧಾನಕ್ಕೆ,

ಕಾಲೇಜು ಕಚೇರಿಯ ಒಬ್ಬನೇ ಟೈಪಿಸ್ಟನೂ ನಿನ್ನ ಏಕೈಕ ತಮ್ಮನೂ ಆದ ನಾನು ಭಾರವಾದ ಹೃದಯದಿಂದ, ಅದಕ್ಕಿಂತ ಭಾರವಾದ ಟೈಪ್‌ರೈಟರಿನ ಮುಂದೆ ಕುಳಿತು ಅರಿಕೆ ಮಾಡುವುದೇನೆಂದರೆ: ದೊಡ್ಡ ಮೇಡಂ ಮೊನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೂವತ್ತೊಂದು ವರ್ಷ ಈ ಕಾಲೇಜಿನ ಆಡಳಿತಾಧಿಕಾರಿ, ಅದರಲ್ಲಿ ಕೊನೆಯ ಹನ್ನೆರಡು ವರ್ಷ ಟ್ರಸ್ಟಿ ಕೂಡ. ಮದುವೆಯಿಲ್ಲ, ರಜೆಯಿಲ್ಲ, ನಗುವಿಲ್ಲ. ನೀನು ಸಂಜೆ ವಿಭಾಗದಲ್ಲಿ ಓದುತ್ತಿದ್ದಾಗ ಹಾಜರಿ ಪುಸ್ತಕ ಹಿಡಿದು ಗೇಟಿನಲ್ಲಿ ನಿಲ್ಲುತ್ತಿದ್ದರಲ್ಲ, ಅವರೇ.

ದುಃಖದ ಸುದ್ದಿ ಇಲ್ಲಿಗೆ ಮುಗಿಯಿತು. ಇನ್ನು ಹೇಸಿಗೆಯ ಸುದ್ದಿ.

ಆಸ್ಪತ್ರೆಯಿಂದ ಫೋನು ಬಂದದ್ದು ಒಂಬತ್ತಕ್ಕೆ. ಹತ್ತೂವರೆಗೆ ಅವರ ಕುರ್ಚಿ ಟ್ರಸ್ಟಿನ ಅಧ್ಯಕ್ಷರ ಕೋಣೆ ಸೇರಿತ್ತು. ಹನ್ನೊಂದಕ್ಕೆ ಅಧ್ಯಕ್ಷರ ಅಳಿಯ ಟೇಪು ಹಿಡಿದು ಸಂಜೆ ವಿಭಾಗದ ಕೊಠಡಿಗಳನ್ನು ಅಳೆಯುತ್ತಿದ್ದ. "ಏನ್ ಸಾರ್, ಶೋಕಾಚರಣೆನಾ?" ಎಂದೆ. "ಆ ತುದಿ ಹಿಡ್ಕೋ" ಎಂದ. ಹಿಡಿದುಕೊಂಡೆ. ಹದಿನೆಂಟು ಅಡಿ ಶೋಕ.

ಅಧ್ಯಕ್ಷರು ಹನ್ನೆರಡಕ್ಕೆ ಅತ್ತರು. ಕಣ್ಣೊರೆಸಿ, ಅದೇ ಕರವಸ್ತ್ರಕ್ಕೆ ಮೂಗು ಸೀನಿ, ಮಡಚದೆ ನನ್ನ ಮೇಜಿನ ಮೇಲೆ ಇಟ್ಟರು.

"ಜೂನ್ ಮೂವತ್ತಕ್ಕೆ ಶ್ರದ್ಧಾಂಜಲಿ ಸಭೆ ಕಣಯ್ಯಾ. ಒಂದು ಸ್ಮರಣ ಸಂಚಿಕೆ ತರಬೇಕು. ಹತ್ತೂ ಜನ ಟ್ರಸ್ಟಿಗಳ ಲೇಖನ ಇರ್ಲಿ."

"ಯಾರು ಬರೀತಾರೆ ಸಾರ್?"

"ನೀನೇ."

"ಹತ್ತೂ?"

"ಹೂಂ. ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ತರ ಅಳು."

ಅವರು ಅದನ್ನು ಓದುವುದಿಲ್ಲವೆಂದು ನನಗೆ ಗೊತ್ತು. ಇಲ್ಲಿ ಓದುತ್ತಿದ್ದವರು ಒಬ್ಬರೇ. ಅದೂ ಕಣ್ಣಿನಿಂದಲ್ಲ. ಕಾಗದ ತಂದವನ ಬಾಯಿಂದಲೇ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು ಮೇಡಂ. ರಜಾ ಅರ್ಜಿಯನ್ನೂ ಬಿಡುತ್ತಿರಲಿಲ್ಲ. 'ಹೊಟ್ಟೆ ತೀವ್ರವಾಗಿ ಕೆಟ್ಟಿರುವುದರಿಂದ' ಎಂದು ನಾನು ಇಡೀ ಕಚೇರಿಗೆ ಕೇಳುವಂತೆ ಎರಡು ಸಲ ಓದಿದ್ದೇನೆ. ಕೇಳಿ ಒಪ್ಪಿಗೆಯಾದರೆ ಕೆಳಗಿನ ಬಲಮೂಲೆಯಲ್ಲಿ ಪೆನ್ಸಿಲಿನಿಂದ ಹಕ್ಕಿಯ ಕೊಕ್ಕಿನಂಥ ಒಂದು ಗೀಟು. ಗೀಟು ಬಿದ್ದಿದ್ದರೆ ಟ್ರಸ್ಟಿಗಳು ಕಣ್ಣುಮುಚ್ಚಿ ಸಹಿ ಹಾಕುವರು. ಮೂವತ್ತೊಂದು ವರ್ಷ ಹೀಗೇ ನಡೆದು ಅವರಿಗೆ ಓದುವ ಅಭ್ಯಾಸವೇ ತಪ್ಪಿಹೋಗಿದೆ.

ಹಳೆಯ ವಿದ್ಯಾರ್ಥಿನಿಯಾದ ನೀನೂ ನಾಲ್ಕು ಸಾಲು ಕಳಿಸು. ಅಳು ಬಾರದಿದ್ದರೆ ನಿನ್ನ ಪರವಾಗಿ ನಾನೇ ಅಳುತ್ತೇನೆ. ಹೇಗೂ ಕೈ ಪಳಗಿದೆ.

ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಶೋಕಸಂತಪ್ತನಾದ
ನಿನ್ನ ಕಪಿ


ಜೂನ್ 6

ಕಪಿ,

ದಿನಕ್ಕೆ ಎಂಬತ್ತು ಮಲದ ಡಬ್ಬಿಗಳ ಮುಚ್ಚಳ ತೆಗೆದು ಪರೀಕ್ಷೆ ಮಾಡುವವಳು ನಾನು. ಲ್ಯಾಬಿನಲ್ಲಿ ಒಂಬತ್ತು ವರ್ಷವಾಯಿತು, ಸುಲಭಕ್ಕೆ ಹೇಸಿಗೆಯಾಗುವುದಿಲ್ಲ. ನಿನ್ನ ಅಧ್ಯಕ್ಷರ ಕರವಸ್ತ್ರಕ್ಕೆ ಆಯಿತು.

ನಾಲ್ಕು ಸಾಲು ಕಳಿಸುವುದಿಲ್ಲ. ಯಾಕೆಂದು ನಿನಗೆ ಯಾವತ್ತೂ ಹೇಳಿಲ್ಲ, ನೀನಾಗ ಚಡ್ಡಿ ಹಾಕುತ್ತಿದ್ದೆ. ಬಿಸ್ಕತ್ತು ಕಾರ್ಖಾನೆಯ ಪಾಳಿ ಆರಕ್ಕೆ ಬಿಡುತ್ತಿತ್ತು. ಕಾಲೇಜಿನ ಗೇಟು ಆರು ಹತ್ತಕ್ಕೆ ಮುಚ್ಚುತ್ತಿತ್ತು. ಓಡಿ ಬಂದರೂ ನನಗೆ ಆರು ಹದಿನಾಲ್ಕಾಗುತ್ತಿತ್ತು. ನಾಲ್ಕು ನಿಮಿಷ. ಕಂಬಿಯ ಆಚೆ ನಿಂತು ನನ್ನನ್ನೇ ನೋಡುತ್ತಾ ಅವರು ಪುಸ್ತಕ ಮುಚ್ಚುತ್ತಿದ್ದರು. ಎರಡನೇ ವರ್ಷ ಹಾಜರಿ ಮೂರು ದಿನ ಕಡಿಮೆ ಬಂತು, ಪರೀಕ್ಷೆಗೆ ಕೂರಿಸಲಿಲ್ಲ. ಎರಡು ಪುಟದ ಅರ್ಜಿ ಬರೆದೆ. ಅಪ್ಪನ ಕುಡಿತ, ಅಮ್ಮನ ಆಪರೇಷನ್ನು, ನನ್ನ ಕಾಲಿನ ಬಾವು, ಒಂದನ್ನೂ ಬಿಡಲಿಲ್ಲ. ಸಾಲಿನಲ್ಲಿ ನಿಂತ ಹನ್ನೆರಡು ಜನರ ಎದುರು ಗಟ್ಟಿಯಾಗಿ ಓದಿಸಿದರು. ಓದಿದೆ. ಕೊನೆಗೆ, "ಎಲ್ಲಾ ಕೇಳಿಸ್ಕೊಂಡೆ. ಆಗಲ್ಲ" ಎಂದರು.

ಒಂದು ವರ್ಷ ಹೋಯಿತು. ಅಷ್ಟೇ ನನ್ನ ಶ್ರದ್ಧಾಂಜಲಿ. ಸಂಚಿಕೆಗೆ ಹಾಕಿದರೆ ಹಾಕಿಕೋ.

ಒಂದು ವಿಷಯ. ಆ ಅಳಿಯ ಸಂಜೆ ವಿಭಾಗದ ಕೊಠಡಿಗಳನ್ನು ಯಾಕೆ ಅಳೆಯುತ್ತಿದ್ದ? ತುದಿ ಹಿಡಿದು ನಿಂತವನು ಕೇಳಬೇಡವೇ?

ಅಕ್ಕ


ಜೂನ್ 14

ಸದಾ ನನ್ನ ತಪ್ಪುಗಳನ್ನೇ ಹುಡುಕುವ ದಿವ್ಯದೃಷ್ಟಿಯ ಅಕ್ಕನವರಿಗೆ,

ಆರು ಲೇಖನ ಮುಗಿಸಿದೆ. ಮೇಡಂ ಈವರೆಗೆ ನಾಲ್ವರಿಗೆ ತಾಯಿಯಂತಿದ್ದರು. ಆ ನಾಲ್ವರಲ್ಲಿ ಮೂವರು ಅವರಿಗಿಂತ ದೊಡ್ಡವರು. 'ಕೊನೆಯುಸಿರಿನವರೆಗೂ ಹಾಸಿಗೆಯ ಪಕ್ಕದಲ್ಲೇ ಇದ್ದೆ' ಎಂದು ಸೇರಿಸಬೇಕೆಂದು ಐವರು ಹೇಳಿಕಳಿಸಿದ್ದಾರೆ. ಆ ಸಣ್ಣ ವಾರ್ಡಿನಲ್ಲಿ ಅಷ್ಟು ಜನ ಮುತ್ತಿಕೊಂಡಿದ್ದರೆ ಮೇಡಂ ಉಸಿರುಗಟ್ಟಿಯೇ ಸತ್ತಿರಬೇಕು. ನನಗೆ ಗೊತ್ತಿರುವಂತೆ ಅವರನ್ನು ನೋಡಲು ಹೋಗುತ್ತಿದ್ದದ್ದು ಕಾಲೇಜಿನ ಕಸ ಗುಡಿಸುವಾಕೆ, ಮತ್ತೆ ಸಂಜೆ ವಿಭಾಗದಲ್ಲಿ ಓದುವ ಒಬ್ಬ ಬಸ್ ಕಂಡಕ್ಟರ್.

ಮುಖಪುಟದ ಫೋಟೋ ನೋಡಿದರೆ ನಿನ್ನ ಊಟ ಹೊರಗೆ ಬರುತ್ತದೆ. ಒಬ್ಬರೇ ಇರುವ ಫೋಟೋ ಸಿಗಲಿಲ್ಲ. ಗುಂಪಿನ ಫೋಟೋದಿಂದ ಕತ್ತರಿಸಿದ್ದಾರೆ. ಮೇಡಂ ಭುಜದ ಮೇಲೆ ಅಧ್ಯಕ್ಷರ ಮೊಣಕೈ ಹಾಗೇ ಉಳಿದಿದೆ. "ಅದನ್ನ ತೆಗಿಸ್ಲಾ ಸಾರ್?" ಎಂದೆ. "ಇರ್ಲಿ ಬಿಡು, ಆತ್ಮೀಯತೆ ಕಾಣುತ್ತೆ" ಎಂದರು.

ಇನ್ನು ನಿನ್ನ ಪ್ರಶ್ನೆ. ಸಂಜೆ ವಿಭಾಗ ಈ ವರ್ಷದಿಂದ ಬಂದ್. ಇನ್ನೂರ ಹನ್ನೆರಡು ಜನಕ್ಕೆ ಜುಲೈ ಒಂದರಿಂದ ಪಾಠವಿಲ್ಲ. ಕೊಠಡಿಗಳು ಅಳಿಯನ ಕೋಚಿಂಗ್ ಕ್ಲಾಸಿಗೆ. ಅಧ್ಯಕ್ಷರು ತಮ್ಮ ಲೇಖನಕ್ಕೆ ಈ ಸಾಲನ್ನು ತಾವೇ ಹೇಳಿ ಬರೆಸಿದರು: 'ಕೊನೆಯ ದಿನ ಅವರು ತಮ್ಮ ಬಲಗೈಯಿಂದ ನನ್ನ ಕೈಯನ್ನು ಬಿಗಿಯಾಗಿ ಹಿಡಿದು, ಸಂಜೆ ವಿಭಾಗ ನಿಲ್ಲಿಸಿ, ಕಾಲೇಜು ಬೆಳೆಸಿ ಎಂದರು.'

ಸುಳ್ಳು ಎನ್ನುವ ಹಾಗೂ ಇಲ್ಲ. ನಿರ್ಣಯದ ಕಾಗದ ನೋಡಿದೆ. ಏಪ್ರಿಲ್ 2ರ ತಾರೀಖು. ಸಭೆ ಸೇರದೆ ಕಾಗದವನ್ನೇ ಮನೆಮನೆಗೆ ಕಳಿಸಿ ಪಾಸು ಮಾಡಿದ್ದು. ಹಾಗೆ ಮಾಡಲು ಹನ್ನೊಂದು ಟ್ರಸ್ಟಿಗಳೂ ಒಪ್ಪಬೇಕು. ಹತ್ತು ಸಹಿ ಇವೆ, ಹನ್ನೊಂದನೆಯದಾಗಿ ಮೇಡಂ ಗೀಟು. ಕಂಡಕ್ಟರ್ ಕಚೇರಿಗೇ ಬಂದಿದ್ದ. "ನಮ್ ಮೇಡಂ ಹಂಗೆಲ್ಲ ಮಾಡಲ್ಲ ಸಾರ್" ಎಂದ. ತಾರೀಖಿಲ್ಲದ ಕೊನೆಯ ಪುಟ ತೋರಿಸಿದೆ. ಟಿಕೆಟಿನ ಚೀಲ ತಬ್ಬಿಕೊಂಡು ಗೀಟಿದ್ದ ಮೂಲೆಯನ್ನು ಬಗ್ಗಿ ನೋಡಿದ. "ಅವರ್ದೇ ಗುರುತು" ಎಂದು ಹೊರಟುಹೋದ.

ನೀನೇ ಸರಿ ಅಕ್ಕಾ. ಮೂವತ್ತೊಂದು ವರ್ಷ ಗೇಟು ಕಾದ ಮುದುಕಿ ಹೋಗುವಾಗ ಗೇಟಿಗೇ ಬೀಗ ಹಾಕಿ ಹೋದಳು. ನನಗೆ ಅವಳನ್ನು ನೆನೆದರೆ ವಾಕರಿಕೆ ಬರುತ್ತದೆ. ನಿನಗೆ ಈಗ ಸಮಾಧಾನವಾಗಿರಬೇಕು.

ಇನ್ನು ನಾಲ್ಕು ಅಳು ಬಾಕಿಯಿರುವ
ಕಪಿ


ಜೂನ್ 19

ಕಪಿ,

ನನಗೆ ಯಾತರ ಸಮಾಧಾನ? ನಾನು ಅವರನ್ನು ದ್ವೇಷಿಸಿದ್ದು ಗೇಟು ಮುಚ್ಚಿದ್ದಕ್ಕೆ. ಆ ಗೇಟೇ ಇನ್ನು ಇರುವುದಿಲ್ಲ ಎಂದರೆ ಖುಷಿಪಡುತ್ತೇನೆಂದು ಯಾಕೆ ಅಂದುಕೊಂಡೆ?

ನಿನ್ನ ಹಳೆಯ ಕಾಗದಗಳನ್ನು ತೆಗೆದು ನೋಡಿದೆ. ಮಾರ್ಚ್ 22ರದ್ದು ಇಲ್ಲೇ ಮುಂದಿದೆ. 'ದೊಡ್ಡ ಮೇಡಂಗೆ ಪಾರ್ಶ್ವವಾಯು ಬಡಿದಿದೆ. ಬಲಗೈ ಬಿದ್ದುಹೋಗಿದೆ, ಮಾತೂ ಇಲ್ಲ. ಕಚೇರಿಯಲ್ಲಿ ಇನ್ನು ನನ್ನದೇ ದರ್ಬಾರು' ಎಂದು ಬರೆದಿದ್ದೀಯ. ಮಾರ್ಚಿನಲ್ಲಿ ಬಿದ್ದುಹೋದ ಕೈ ಮೇ ತಿಂಗಳಲ್ಲಿ ಅಧ್ಯಕ್ಷನ ಕೈಯನ್ನು ಬಿಗಿಯಾಗಿ ಹಿಡಿಯಿತೇ? ಬಾಯಿಲ್ಲದವರು ಕಾಲೇಜು ಬೆಳೆಸಿ ಎಂದರೇ? ಹೋಗಲಿ, ಅದು ಹೊಲಸು ಸುಳ್ಳು. ಆದರೆ ಏಪ್ರಿಲ್ 2ರಂದು ಆ ಕಾಗದಕ್ಕೆ ಗೀಟು ಹೇಗೆ ಬಿತ್ತು?

ಆ ಅಧ್ಯಕ್ಷನೇ ಹಾಕಿದ್ದಾನೆ, ಇನ್ಯಾರು? ಇದು ನಿನ್ನ ಕಣ್ಣಿಗೆ ಬೀಳಲಿಲ್ಲವೆಂದರೆ ನನಗೆ ಆಶ್ಚರ್ಯ. ಹೋಗಿ ಕೇಳು. ಹೆದರಿಕೆಯಾದರೆ ಆ ಕಂಡಕ್ಟರನನ್ನು ಕರೆದುಕೊಂಡು ಹೋಗು. ಅವನು ಮೇಡಂ ಕೈಯನ್ನು ಕಣ್ಣಾರೆ ನೋಡಿದ್ದಾನೆ.

ಬೇಗ ಬರೆ.

ಅಕ್ಕ


ಜೂನ್ 23 (ಕಾರ್ಡು)

ಪೂಜ್ಯ ಪತ್ತೇದಾರಿಣಿಯವರಿಗೆ,

ತಮ್ಮ ತನಿಖಾ ವರದಿ ತಲುಪಿತು, ಮೂರು ಸಲ ಎದ್ದು ನಿಂತು ಗೌರವ ಸಲ್ಲಿಸಲಾಯಿತು. ಇಲ್ಲಿ ವಿಪರೀತ ಕೆಲಸ. ಮುದ್ರಣಾಲಯದವನು ಮೇಡಂ ಫೋಟೋವನ್ನು ತಲೆಕೆಳಗಾಗಿ ಅಚ್ಚು ಹಾಕಿದ್ದ. ಅಧ್ಯಕ್ಷರ ಮೊಣಕೈ ಮಾತ್ರ ಆಗಲೂ ಚೆನ್ನಾಗಿ ಕಾಣುತ್ತಿತ್ತು. ಸತ್ತವರ ಗೀಟಿನ ವಿಷಯ ಈಗೇಕೆ ಕೆದಕುವುದು? ಕಾರ್ಡಿನಲ್ಲಿ ಜಾಗವೂ ಇಲ್ಲ. ನಿನಗೆ ನೆಗಡಿ ವಾಸಿಯಾಯಿತೇ?

ಕ.


ಜೂನ್ 27

ನನಗೆ ನೆಗಡಿ ಇರಲಿಲ್ಲ.

ನಿನ್ನ ಕಾರ್ಡನ್ನು ನೋಡುತ್ತಾ ಕೂತೆ. ಅಧ್ಯಕ್ಷನನ್ನು ಬೈಯಲು ನಾನೇ ದಾರಿ ಮಾಡಿಕೊಟ್ಟೆ. ನೀನು ಬೈಯಲಿಲ್ಲ. ಇಷ್ಟು ದಿನ ಅವನ ಕರವಸ್ತ್ರವನ್ನೂ ಬಿಡದವನು ಇದನ್ನು ಬಿಟ್ಟೆ. ಆಗ ತಿಳಿಯಿತು. ಏಳನೇ ಕ್ಲಾಸಿನಲ್ಲೇ ಅಪ್ಪನ ಸಹಿಯನ್ನು ಅಪ್ಪನಿಗಿಂತ ಚೆನ್ನಾಗಿ ಹಾಕುತ್ತಿದ್ದವನು ನಮ್ಮ ಮನೆಯಲ್ಲೇ ಒಬ್ಬನಿದ್ದ.

ಗೀಟು ನಿನ್ನದು.

ಯಾಕೆ ಹಾಕಿದೆ, ಯಾರು ಹಾಕಿಸಿದರು, ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ. ಆ ಹೆಂಗಸು ನನ್ನ ಅರ್ಜಿಯನ್ನು ಕೊನೆಯ ಅಕ್ಷರದವರೆಗೂ ಕೇಳಿ ಆಗಲ್ಲ ಎಂದರು. ಅದಕ್ಕೆ ನಾನು ಹದಿನಾಲ್ಕು ವರ್ಷ ಅವರನ್ನು ಶಪಿಸಿದ್ದೇನೆ. ನೀನು ಇನ್ನೂರ ಹನ್ನೆರಡು ಜನರ ಓದು ನಿಲ್ಲಿಸುವ ಕಾಗದಕ್ಕೆ ಯಾರಿಗೂ ಕೇಳಿಸದಂತೆ ಆಗಲಿ ಎಂದೆ. ಮೇಲೆ ಅದನ್ನು ಸತ್ತವರ ತಲೆಗೆ ಕಟ್ಟಿ, 'ನಿನಗೆ ಸಮಾಧಾನವಾಗಿರಬೇಕು' ಎಂದು ನನಗೇ ಬರೆದೆ. ಇವತ್ತು ಲ್ಯಾಬಿನಲ್ಲಿ ಡಬ್ಬಿಗಳ ಮುಚ್ಚಳ ತೆಗೆಯುವಾಗ ಇವೇ ವಾಸಿ ಅನ್ನಿಸಿತು.

ಮೂವತ್ತಕ್ಕೆ ಸಭೆಯಲ್ಲಿ ಎದ್ದು ನಿಂತು ಹೇಳು. ಹೇಳದಿದ್ದರೆ ನನಗೆ ಇನ್ನು ಕಾಗದ ಬರೆಯಬೇಡ. ನಾನು ಒಡೆಯುವುದೂ ಇಲ್ಲ.


ಜುಲೈ 2

ಅಕ್ಕಾ,

ಹೇಳಿದೆ. ಒಡೆದು ಓದು.

ಮೊದಲು ಗೀಟಿನ ವಿಷಯ. ಮಾರ್ಚ್ 20ರಂದು ಅಧ್ಯಕ್ಷರು ಕಾಗದದ ಚೀಲ ಕೊಟ್ಟು, "ಆಸ್ಪತ್ರೆಗೆ ಹೋಗಿ ಓದಿ ಹೇಳಿ ಗೀಟು ಹಾಕಿಸ್ಕೊಂಡು ಬಾ" ಎಂದರು. ಹೋದೆ. ಮೇಡಂ ಬಾಯಿ ಒಂದು ಕಡೆಗೆ ಜಾರಿತ್ತು. ಜೊಲ್ಲು ಇಳಿದು ದಿಂಬು ಹಳದಿಯಾಗಿತ್ತು. ಮಂಚದ ಕೆಳಗಿನ ಪಾತ್ರೆಯನ್ನು ಯಾರೂ ತೆಗೆದಿರಲಿಲ್ಲ. ಬಲಗೈ ಹಿಂಡಿ ಬಿಸಾಡಿದ ಬಟ್ಟೆಯ ಹಾಗೆ ಬಿದ್ದಿತ್ತು. ಕಣ್ಣು ಮಾತ್ರ ಗೇಟಿನಲ್ಲಿ ನಿಲ್ಲುತ್ತಿದ್ದ ಅದೇ ಕಣ್ಣು. ಎಡಗೈ ಎತ್ತಿ ಮೊದಲು ಚೀಲ ತೋರಿಸಿದರು, ಆಮೇಲೆ ನನ್ನ ಬಾಯಿ. ಓದು ಎಂದು. ಸೀಮೆಸುಣ್ಣ ತರಿಸುವ ಒಂದು ಕಾಗದವನ್ನು ಅರ್ಧ ಓದಿದೆ. ಗಂಟಲಿನೊಳಗಿಂದ ಹೂಂ ಎನ್ನುವಂಥ ಶಬ್ದ ಬಂತು, ಅದರ ಜೊತೆ ಜೊಲ್ಲೂ ಬಂತು. ಕಾಗದವನ್ನು ಚೀಲಕ್ಕೆ ತುರುಕಿದೆ. "ನಾಳೆ ಬರ್ತೀನಿ ಮೇಡಂ" ಎಂದು ಓಡಿದೆ.

ಮತ್ತೆ ಹೋಗಲಿಲ್ಲ. ಅವರು ತೀರಿಕೊಳ್ಳುವವರೆಗೂ ಆ ಚೀಲ ಆಸ್ಪತ್ರೆಯ ಎದುರಿನ ಪಾರ್ಕಿನವರೆಗೆ ಮಾತ್ರ ಹೋಗಿ ಬಂತು. ಬೆಂಚಿನ ಮೇಲೆ ಕೂತು ನಾನೇ ಗೀಟು ಹಾಕಿದೆ. ಮೊದಲ ದಿನ ಎರಡು ಸಲ ಅಳಿಸಿ ಹಾಕಿದೆ, ಎರಡನೇ ದಿನದಿಂದ ಮಜಾ ಬಂತು. ಮಣಿಕಟ್ಟಿನಿಂದಲ್ಲ, ಮೊಣಕೈಯಿಂದ ಎಳೆದರೆ ಕೊಕ್ಕು ಸರಿಯಾಗಿ ಬರುತ್ತದೆ ಎಂದು ಕಂಡುಕೊಂಡೆ. ಏಪ್ರಿಲ್ 2ರಂದು ಮೂವತ್ತೆಂಟು ಕಾಗದ ಇದ್ದವು. ಎಡಗೈಯಲ್ಲಿ ಬಾಳೆಹಣ್ಣು, ಬಲಗೈಯಲ್ಲಿ ಪೆನ್ಸಿಲು. ಹಣ್ಣು ಮುಗಿಯುವುದರೊಳಗೆ ಮೂವತ್ತೆಂಟೂ ಮುಗಿದವು. ಅಳಿಯ ಹೊರಗೆ ಟೈಪು ಮಾಡಿಸಿ ತಂದಿದ್ದ ಸಂಜೆ ವಿಭಾಗದ ಕಾಗದವೂ ಅದರಲ್ಲೇ ಇತ್ತು. ಯಾರೂ ಹಾಕಿಸಲಿಲ್ಲ ಅಕ್ಕಾ. "ಹೆಂಗಿದಾರೆ?" ಎಂದು ಕಚೇರಿಯಲ್ಲಿ ಕೇಳಿದರೆ "ಆರಾಮಾಗಿದಾರೆ, ಗೀಟು ಹಾಕಿದ್ರು" ಎನ್ನುತ್ತಿದ್ದೆ. ಕಚೇರಿಯವರೋ ಟ್ರಸ್ಟಿಗಳೋ ಒಬ್ಬರಾದರೂ ಹೋಗಿ ನೋಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ. ಯಾರೂ ಹೋಗಲಿಲ್ಲ.

ಸಂಚಿಕೆಗೆಂದು ಫೈಲು ತೆಗೆದಾಗ ಗೀಟು ನೋಡಿದ ತಕ್ಷಣ ನನ್ನದೆಂದು ಗೊತ್ತಾಯಿತು. ಮೇಡಂ ಒತ್ತಿ ಎಳೆದದ್ದು ಕಾಗದದ ಹಿಂಬದಿಗೂ ತಾಗುತ್ತಿತ್ತು, ನನ್ನದು ಬರೀ ಮೇಲೆ ಕೂತಿತ್ತು. ಅವತ್ತೇ ಕೂತು ನಿನಗೆ ಅವರ ಮೇಲೆ ಹೊರೆಸಿ ಬರೆದೆ. ಅವರಿಗೆ ಎಲ್ಲ ಕೇಳಿಸುತ್ತಿತ್ತು. ನಾನು ಓದಿದ್ದರೆ ಅವರು ಒಪ್ಪುತ್ತಿರಲಿಲ್ಲ. ಅದಕ್ಕೆ ಮಾತೂ ಬೇಕಿರಲಿಲ್ಲ, ಎಡಗೈಯಿಂದ ಕಾಗದವನ್ನು ತಳ್ಳಿದ್ದರೆ ಸಾಕಿತ್ತು.

ಇನ್ನು ಸಭೆ. ಬೆಳಿಗ್ಗೆ ಹನ್ನೊಂದಕ್ಕೆ, ದೊಡ್ಡ ಹಾಲಿನಲ್ಲಿ. ಹತ್ತೂ ಟ್ರಸ್ಟಿಗಳು ನಾನು ಬರೆದದ್ದನ್ನು ಮೊದಲ ಸಲ ನೋಡುತ್ತಾ ತಡವರಿಸಿ ಓದಿದರು. ಎಲ್ಲಿ ಅಳಬೇಕೆಂದು ನಾನು ಆವರಣದಲ್ಲಿ ಬರೆದಿದ್ದ ಸೂಚನೆಯನ್ನೂ ಇಬ್ಬರು ಓದಿಬಿಟ್ಟರು. ಸಂಜೆ ವಿಭಾಗದ ನಲವತ್ತು ಜನ ಕೆಲಸಕ್ಕೆ ರಜೆ ಹಾಕಿ ಹಿಂದೆ ನಿಂತಿದ್ದರು. ಅಧ್ಯಕ್ಷರು ಮೇಡಂ ಬಲಗೈಯ ಸಾಲನ್ನು ಓದುತ್ತಿದ್ದಾಗ ನಾನು ಎದ್ದೆ. "ಆ ನಿರ್ಣಯದ ಮೇಲಿರೋ ಗೀಟು ಮೇಡಂದಲ್ಲ, ನಂದು" ಎಂದೆ.

ಮೊದಲು ನಗು. ನಿಜವಾಗಿ ನಕ್ಕರು ಅಕ್ಕಾ. ನಾನು ಎಂಥವನೆಂದು ಇಲ್ಲಿ ಎಲ್ಲರಿಗೂ ಗೊತ್ತಲ್ಲ. ಅಧ್ಯಕ್ಷರು, "ಕೂತ್ಕೊಳಯ್ಯ, ಸಾವಿನ ಮನೆಯಲ್ಲೂ ನಿನ್ನ ಕೋತಿಚೇಷ್ಟೆನಾ?" ಎಂದರು. ನಾನು ಹೋಗಿ ಹಾಲಿನ ಕರಿಹಲಗೆಯ ಮೇಲೆ ಗೀಟು ಹಾಕಿದೆ. ಒಂದರ ಪಕ್ಕ ಒಂದು, ಹಲಗೆಯ ಆ ತುದಿಯವರೆಗೆ. ನಗು ನಿಂತಿತು.

"ಇವನು ಹೇಳೋದು ನಿಜ ಸ್ವಾಮಿ" ಎಂದು ಹಿಂದಿನಿಂದ ಕಂಡಕ್ಟರ್ ಕೂಗಿದ. "ನಾನು ವಾರವಾರ ಹೋಗಿ ನೋಡಿದೀನಿ. ಮೊದಲ ದಿನದಿಂದಲೂ ಆ ಬಲಗೈ ಎತ್ತೋಕೇ ಆಗ್ತಿರಲಿಲ್ಲ. ನಿಮ್ಮ ಕೈ ಹಿಡ್ಕೊಂಡಿದ್ದು ಯಾವ ಕೈಲಿ?"

ಅಧ್ಯಕ್ಷರು ತಮ್ಮ ಕೈಯಲ್ಲಿದ್ದ ಸಂಚಿಕೆಯನ್ನೇ ನೋಡಿದರು, ಉತ್ತರ ಅಲ್ಲಿರಬಹುದೇನೋ ಎಂಬಂತೆ. ಪಕ್ಕದಲ್ಲಿದ್ದದ್ದು ಹಲ್ಲಿನ ಡಾಕ್ಟರು. ಟ್ರಸ್ಟಿಗಳಲ್ಲಿ ಎಲ್ಲರಿಗಿಂತ ಹಿರಿಯರು, ಎಂಬತ್ತೊಂದು ವರ್ಷ. ಕಿವಿಯ ಯಂತ್ರ ಸರಿಮಾಡಿಕೊಂಡು ನನ್ನನ್ನು ಕೇಳಿದರು:

"ಅಲ್ಲಯ್ಯಾ, ಆಯಮ್ಮ ಓದಿದ್ದಾರೆ ಅಂತ ನಾವು ಸಹಿ ಹಾಕಿದ್ವಿ. ಆಯಮ್ಮ ಓದಿಲ್ಲ ಅಂತೀಯ. ನೀನು ಓದಿದ್ಯಾ?"

"ಇಲ್ಲ ಸಾರ್."

"ಹಾಗಾದ್ರೆ ಅದನ್ನ ಓದಿದ್ದು ಯಾರು?"

ಹತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರು ಕಾಗದ ತರಿಸಿ ನನ್ನ ಕೈಗೇ ಕೊಟ್ಟರು. ಓದಿದೆ. ನಾನೂ ಪೂರ್ತಿಯಾಗಿ ಓದಿದ್ದು ಅದೇ ಮೊದಲು. ಎರಡನೇ ಪುಟದಲ್ಲಿ ಅಳಿಯನ ಹೆಸರಿಗೆ ಕೊಠಡಿಗಳನ್ನು ಇಪ್ಪತ್ತು ವರ್ಷಕ್ಕೆ ಬಿಟ್ಟುಕೊಡುವುದಿತ್ತು. ಹಲ್ಲಿನ ಡಾಕ್ಟರು ಕಾಗದ ಕಿತ್ತುಕೊಂಡು ತಮ್ಮ ಸಹಿಯ ಮೇಲೆ ಅಡ್ಡಗೆರೆ ಎಳೆದರು. "ಥೂ" ಎಂದರು. ಅಧ್ಯಕ್ಷರಿಗೋ, ನನಗೋ, ತಮಗೋ ಗೊತ್ತಾಗಲಿಲ್ಲ. ಮೂವರಿಗೂ ಸಲ್ಲುತ್ತಿತ್ತು.

ನಿರ್ಣಯ ಬಿದ್ದುಹೋಯಿತು. ಆಗಸ್ಟ್ ಸಭೆಗೆ ಮತ್ತೆ ತರುತ್ತೇನೆಂದು ಅಧ್ಯಕ್ಷರು ಗುಡುಗಿದರು. ತರಲಿ, ಅವತ್ತು ನಾವೂ ಬಂದು ಕೂರುತ್ತೇವೆ ಎಂದು ಹಿಂದಿನವರು ಹೇಳಿದರು. ನಿನ್ನೆ ಸಂಜೆ ಆರಕ್ಕೆ ಪಾಠ ಶುರುವಾಯಿತು. ಆಗಸ್ಟಿನವರೆಗಂತೂ ಇದೆ. ಹಾಲಿನಿಂದ ಹೊರಬರುವಾಗ ಕಂಡಕ್ಟರನಿಗೆ ಕೈ ಚಾಚಿದೆ. ಅವನು ಹಿಡಿಯಲಿಲ್ಲ. "ಆಯಮ್ಮ ಪ್ರತಿ ಸಲ ಬಾಗಿಲ ಕಡೆನೇ ನೋಡ್ತಿದ್ರು. ಯಾರಿಗೆ ಕಾಯ್ತಿದಾರೆ ಅಂತ ನಂಗೆ ತಿಳೀತಿರಲಿಲ್ಲ" ಎಂದು ಹೇಳಿ ಹೋದ.

ನಿನ್ನೆ ಬೆಳಿಗ್ಗೆ ನನ್ನನ್ನು ಕೆಲಸದಿಂದ ತೆಗೆದರು. ಬೇರೆ ಟೈಪಿಸ್ಟ್ ಇಲ್ಲವಾದ್ದರಿಂದ ಆದೇಶವನ್ನು ನನ್ನಿಂದಲೇ ಟೈಪು ಮಾಡಿಸಿದರು. ಮೂಲೆಯಲ್ಲಿ ಯಾವ ಗುರುತೂ ಇಲ್ಲದ ಕಾಗದ ಎದುರಿಗೆ ಬಂದಾಗ ಅಧ್ಯಕ್ಷರ ಪೆನ್ನು ಅರ್ಧಕ್ಕೇ ನಿಂತಿತು. ಕನ್ನಡಕ ತರಿಸಿ, ಬೆರಳಿಟ್ಟು, ಸಾಲುಸಾಲಾಗಿ ಓದಿ ಸಹಿ ಹಾಕಿದರು. ಒಬ್ಬರ ಹಿಂದೆ ಒಬ್ಬರಂತೆ ಉಳಿದವರೂ ಓದಿಯೇ ಹಾಕಿದರು. ಹಲ್ಲಿನ ಡಾಕ್ಟರು ಮಾತ್ರ ನನ್ನನ್ನು ಎದುರಿಗೆ ನಿಲ್ಲಿಸಿ ಗಟ್ಟಿಯಾಗಿ ಓದಿದರು: 'ಹಾಸಿಗೆ ಹಿಡಿದವರಿಗೆ ಓದಿ ಹೇಳಬೇಕಾದ ಕಾಗದಗಳನ್ನು ಓದಿ ಹೇಳದೆ, ಅವರು ಕೇಳಿದ್ದಾರೆಂದು ನಂಬಿಸಿ ಮೋಸ ಮಾಡಿದ್ದರಿಂದ.' ಓದಿ, "ಸರಿಯಿದೆಯೇನಯ್ಯಾ?" ಎಂದು ಕೇಳಿದರು.

"ಸರಿಯಿದೆ ಸಾರ್" ಎಂದೆ. ಆಮೇಲೆ ಸಹಿ ಹಾಕಿದರು.

ಈ ಒಂದು ತಿಂಗಳಲ್ಲಿ ನಾನು ಟೈಪು ಮಾಡಿದ ಕಾಗದಗಳಲ್ಲಿ ಸುಳ್ಳಿಲ್ಲದ್ದು ಅದೊಂದೇ.

ನಿನ್ನ ತಮ್ಮ